ಬದುವಿನ ಕಲ್ಲು ಮತ್ತು ಪರಲೋಕ



ಸಾರವಾಡದ ಹಿರಿಯರೊಬ್ಬರು ಮಠಕ್ಕೆ ಬಂದು ಕುಳಿತರು. ಡೋಣಿ ದಂಡೆಯ ಎರೆಹೊಲದ ಬದುವಿಗಾಗಿ ಒಡಹುಟ್ಟಿದ ತಮ್ಮನೊಡನೆ ಇಪ್ಪತ್ತು ವರ್ಷ ಮಾತು ಬಿಟ್ಟವರು. ತಮ್ಮ ಲಿಂಗೈಕ್ಯನಾಗಿ ಒಂಬತ್ತು ದಿನವಾಗಿತ್ತು. “ಅಪ್ಪಾರ, ಅಲ್ಲಿ ಅಂವಾ ನನಗ ಭೆಟ್ಟಿ ಆಕ್ಕಾನೇನ್ರಿ? ತಪ್ಪಾತು ಅನ್ನಬೇಕಾಗೇತಿ” ಎಂದರು.

ಉತ್ತರ ಸುಲಭವಲ್ಲ. ಕ್ರೈಸ್ತರು ಆಗುತ್ತಾನೆಂದು ಭರವಸೆ ಕೊಡುತ್ತಾರೆ. ಮರಣದಾಚೆ ಪುನರುತ್ಥಾನವಿದೆ, ನ್ಯಾಯತೀರ್ಪಿದೆ ಎಂಬುದು ಅವರ ನಂಬಿಗೆ. ನಾಸ್ತಿಕರು ಇಲ್ಲವೆನ್ನುತ್ತಾರೆ. ನಮ್ಮ ನಾಡಿನಲ್ಲಿಯೇ ಈ ಎರಡೂ ಪಕ್ಷಗಳಲ್ಲಿ ಯೋಗ್ಯರಿದ್ದರು. ಸರ್ವಜ್ಞನ ವಚನಗಳನ್ನು ಶ್ರಮಪಟ್ಟು ಕೂಡಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ಬಸವಣ್ಣನವರ ಮೇಲೂ ಗೌರವದಿಂದ ಬರೆದವರು. ಎ.ಎನ್. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಎಂಬ ಗ್ರಂಥದಲ್ಲಿ ದೇವರನ್ನು ಒಪ್ಪಲಾರೆನೆಂದು ನಿರ್ಭಯವಾಗಿ ಹೇಳಿದರು. ಸಾವು ಬಾಗಿಲಲ್ಲಿ ನಿಂತ ವಯಸ್ಸಿನಲ್ಲಿ ಹಾಗೆ ಹೇಳುವುದಕ್ಕೆ ಎದೆ ಬೇಕು. (ಅವರು 2003ರವರೆಗೆ ಬಾಳಿದರೆಂಬುದು ಬೇರೆ ಮಾತು.)

ಸ್ವರ್ಗದ ಆಸೆಗೆ ಮಾಡಿದ ಪುಣ್ಯ ಬರೀ ವ್ಯಾಪಾರವೆಂದು ನಾಸ್ತಿಕರ ಆಕ್ಷೇಪ. ಮಾತು ಹರಿತವಾಗಿದೆ, ದಾಸೋಹಕ್ಕೆ ಒಂದು ಚೀಲ ಜೋಳ ಕೊಟ್ಟು ಪುಣ್ಯದ ಲೆಕ್ಕ ಕೇಳುವವರು ನಮ್ಮಲ್ಲಿಯೂ ಉಂಟು. ಆದರೆ ಮತ್ತಾಯನ ಸುವಾರ್ತೆಯಲ್ಲಿ ಬರುವ ಅಂತಿಮ ತೀರ್ಪಿನ ಪ್ರಸಂಗ ನೋಡಿರಿ. ಹಸಿದವನಿಗೆ ಉಣಿಸಿದವರಿಗೆ ತಾವು ಸ್ವಾಮಿಗೇ ಉಣಿಸಿದೆವೆಂಬ ಅರಿವೇ ಇರಲಿಲ್ಲ. ಅಲ್ಲಿ ವ್ಯಾಪಾರವೆಲ್ಲಿ ಬಂತು?

ಇನ್ನು ಕ್ರೈಸ್ತರು ತಿರುಗಿ ಕೇಳುತ್ತಾರೆ: ಅನ್ಯಾಯ ಉಂಡು ಸತ್ತವನಿಗೆ ನ್ಯಾಯ ಯಾವಾಗ? ನಾಸ್ತಿಕರ ಬಳಿ ಇದಕ್ಕೆ ಸಮಾಧಾನವಿಲ್ಲ, ಎಚ್ಚರಿಕೆಯಿದೆ: ಅವನು ಸಾಯುವ ಮೊದಲೇ ನ್ಯಾಯ ಕೊಡಿರಿ ಎಂದು. ದುಃಖದ ಮನೆಯಲ್ಲಿ ಆ ಮಾತು ಬಲು ತಣ್ಣಗೆ ಕೇಳಿಸೀತು. ಆದರೂ ನಾವು ಅದನ್ನು ತಳ್ಳಿಹಾಕಲಾರೆವು. ಶರಣರೂ ಕೈಲಾಸವನ್ನು ಕಾಯಕದಲ್ಲಿ ಕಂಡವರೇ ಹೊರತು ಸತ್ತ ಮೇಲಿನ ಊರಿನಲ್ಲಲ್ಲ. ನರಕದ ಹೆದರಿಕೆ ಹಾಕಿ ಭಕ್ತಿ ಬೆಳೆಸುವುದಂತೂ, ಅದು ಯಾವ ಮತದಲ್ಲಿಯೇ ಇರಲಿ, ನಮಗೆ ಒಪ್ಪಿಗೆಯಿಲ್ಲ.

ಹಿರಿಯರಿಗೆ ನಾವೆಂದೆವು: “ಅಲ್ಲಿ ಭೆಟ್ಟಿ ಆಗೂದು ಶಿವನ ಇಚ್ಛಾ. ತಮ್ಮನ ಹೆಂಡತಿ ಮಕ್ಕಳು ನಿಮ್ಮ ಓಣ್ಯಾಗ ಅದಾರಲ್ಲ?”

ಅವರು ಬಹಳ ಹೊತ್ತು ಮಾತಾಡಲಿಲ್ಲ. ವಿಭೂತಿ ಹಚ್ಚಿಕೊಂಡು ಎದ್ದು ಹೋದರು. ಬದುವಿನ ಕಲ್ಲು ಎರಡು ಮಾರು ಹಿಂದೆ ಸರಿಯಿತೆಂದು ಮುಂದಿನ ಅಮಾವಾಸ್ಯೆಗೆ ತಮ್ಮನ ಮಗನೇ ಬಂದು ಹೇಳಿದ.