ಆಗಾಗ ಕೈಕೊಡುವ ಎಂಜಿನ್ ಮತ್ತು ನಮ್ಮ ನೈದಾನಿಕ ಪರೀಕ್ಷೆ

ಬೋಧನಾಭ್ಯಾಸದ ಅವಧಿಯಲ್ಲಿ ನಾವು ಸಿದ್ಧಪಡಿಸುವ ದಾಖಲೆಗಳಲ್ಲಿ ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆಯ ವರದಿಯೂ ಒಂದು. ಒಂದು ಘಟಕ ಆರಿಸಿಕೊಳ್ಳುತ್ತೇವೆ, ಪ್ರಶ್ನೆಪತ್ರಿಕೆ ತಯಾರಿಸುತ್ತೇವೆ, ಮಕ್ಕಳ ತಪ್ಪುಗಳನ್ನು ಕೋಷ್ಟಕದಲ್ಲಿ ತುಂಬುತ್ತೇವೆ, ಆ ಭಾಗವನ್ನು ಮತ್ತೆ ಬೋಧಿಸಿ ಮರುಪರೀಕ್ಷೆ ಕೊಡುತ್ತೇವೆ. ಈ ಕ್ರಮದ ಹಿಂದೆ ನಾವು ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇದೆ. ದೋಷ ಇದ್ದರೆ ಅದು ಪರೀಕ್ಷೆಯ ದಿನ ಕಾಣಿಸಿಕೊಂಡೇ ತೀರುತ್ತದೆ ಎಂಬ ನಂಬಿಕೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಕಲಿತದ್ದು ಮೊದಲು ಗ್ಯಾರೇಜಿನಲ್ಲಿ, ಆಮೇಲೆ ತರಗತಿಯಲ್ಲಿ. ಹಾಗಾಗಿ ಎಂಜಿನ್ನಿನಿಂದಲೇ ಆರಂಭಿಸುತ್ತೇನೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ, ಸ್ಪಾರ್ಕ್ ಪ್ಲಗ್ ಕಿಡಿ ಹೊಡೆಯುತ್ತದೆ. ಮಿಶ್ರಣ ಉರಿಯಲು ಸ್ವಲ್ಪ ಸಮಯ ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವುದಕ್ಕಿಂತ ಕೆಲವು ಡಿಗ್ರಿ ಮೊದಲೇ ಕಿಡಿ ಬರಬೇಕು. ಇದನ್ನೇ ಟೈಮಿಂಗ್ ಎನ್ನುತ್ತಾರೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಅಂದರೆ ಒಂದು ಡಿಗ್ರಿಗೆ ಸಿಗುವುದು ಸುಮಾರು 0.056 ಮಿಲಿಸೆಕೆಂಡ್ ಮಾತ್ರ.

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಕಾಲದಲ್ಲಿ ಈ ಕೆಲಸವನ್ನು ಡಿಸ್ಟ್ರಿಬ್ಯೂಟರ್ ಮತ್ತು ಅದರೊಳಗಿನ ಪಾಯಿಂಟ್ ಮಾಡುತ್ತಿದ್ದವು. ಮೆಕ್ಯಾನಿಕ್ ಟೈಮಿಂಗ್ ಲೈಟ್ ಹಿಡಿದು, ಪುಲ್ಲಿಯ ಮೇಲಿನ ಗುರುತು ಎಲ್ಲಿ ನಿಂತಂತೆ ಕಾಣುತ್ತದೆ ಎಂದು ನೋಡಿ ಸರಿಮಾಡುತ್ತಿದ್ದ. ಈಗಿನ ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಇದೆ. ಅನೇಕ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿಗೆ ಹಲ್ಲಿನ ಚಕ್ರವೊಂದನ್ನು ಜೋಡಿಸಿರುತ್ತಾರೆ. 60 ಹಲ್ಲುಗಳ ಜಾಗದಲ್ಲಿ 58 ಮಾತ್ರ ಇರುತ್ತವೆ, ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಂದೊಂದು ಹಲ್ಲಿಗೆ 6 ಡಿಗ್ರಿ. ಖಾಲಿ ಜಾಗ ದಾಟಿದಾಗ ಸುತ್ತಿನ ಯಾವ ಹಂತದಲ್ಲಿದ್ದೇವೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಯುತ್ತದೆ. ಸೆನ್ಸರಿನ ಸಂಕೇತ ನಿಂತರೆ ಕಿಡಿ ಯಾವಾಗ ಹೊಡೆಯಬೇಕೆಂದು ತಿಳಿಯದೆ ಎಂಜಿನ್ ಆಫ್ ಆಗುತ್ತದೆ.

ಯಶವಂತಪುರದ ಹತ್ತಿರ ನನ್ನ ಸೋದರಮಾವನ ಸಣ್ಣ ಗ್ಯಾರೇಜು ಇದೆ. ಅಲ್ಲಿ ನಾನು ಮತ್ತೆಮತ್ತೆ ಕೇಳಿದ ದೂರು ಒಂದೇ ಬಗೆಯದು. ಸಂಜೆ ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆದು ಆಫ್ ಆಗುತ್ತದೆ, ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಗ್ಯಾರೇಜಿಗೆ ತಂದರೆ ಸರಿಯಾಗಿಯೇ ಇರುತ್ತದೆ. ಅಷ್ಟರಲ್ಲಿ ಬೇರೆ ಕಡೆ ಪ್ಲಗ್, ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪ್ ಎಲ್ಲ ಬದಲಾಗಿರುತ್ತವೆ. ಬದಲಾದ ಮೇಲೆ ನಾಲ್ಕು ದಿನ ಗಾಡಿ ಚೆನ್ನಾಗಿ ಓಡಿರುತ್ತದೆ, ಮಾಲೀಕರೂ ಸರಿಯಾಯಿತು ಎಂದುಕೊಂಡಿರುತ್ತಾರೆ. ಆಗಾಗ ಬರುವ ದೋಷದ ಮೋಸ ಇರುವುದು ಇಲ್ಲೇ. ಏನೂ ಮಾಡದಿದ್ದರೂ ಅದು ನಾಲ್ಕು ದಿನ ಬಾರದೆ ಇರಬಹುದಿತ್ತು.

ಮಾವ ಮೊದಲು ಬಾನೆಟ್ ಎತ್ತುವುದಿಲ್ಲ, ಪ್ರಶ್ನೆ ಕೇಳುತ್ತಾರೆ. “ಸಾರ್, ಎಷ್ಟು ದೂರ ಓಡಿದ ಮೇಲೆ ಆಗುತ್ತೆ? ತಣ್ಣಗಿದ್ದಾಗ ಯಾವತ್ತಾದರೂ ಆಗಿದೆಯಾ? ಆಫ್ ಆಗುವಾಗ ಗಾಡಿ ಇನ್ನೂ ಉರುಳ್ತಿದ್ದರೆ ಆರ್‌ಪಿಎಂ ಮುಳ್ಳು ನಿಧಾನಕ್ಕೆ ಇಳಿಯಿತಾ, ಪಟ್ ಅಂತ ಬಿತ್ತಾ?” ಒಂದೊಂದು ಪ್ರಶ್ನೆಗೂ ಕಾರಣವಿದೆ. ಗಾಡಿ ಗೇರಿನಲ್ಲಿ ಉರುಳುತ್ತಿದ್ದರೆ ಎಂಜಿನ್ ತಿರುಗುತ್ತಲೇ ಇರುತ್ತದೆ. ಆಗಲೂ ಮುಳ್ಳು ಪಟ್ಟನೆ ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸೆನ್ಸರಿನ ಸಂಕೇತ ತಪ್ಪಿದೆ ಎಂಬ ಅನುಮಾನ ಬಲವಾಗುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಕಟಕಟ ಸದ್ದು ಬಂದು, ಆಯಿಲ್ ಒತ್ತಡ ಏರಿದ ಮೇಲೆ ನಿಂತರೆ ಟೈಮಿಂಗ್ ಚೈನನ್ನೋ ಅದರ ಟೆನ್ಷನರನ್ನೋ ನೋಡಬೇಕು. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಿಗಿದಿದ್ದರೆ ದೋಷ ಬಂದುಹೋಗಿ ಮಾಡುವುದಿಲ್ಲ, ಸದಾ ಇರುತ್ತದೆ. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬ ಎರಡು ಉತ್ತರಗಳಿಂದಲೇ ಅರ್ಧ ದಾರಿ ಸವೆಯುತ್ತದೆ.

ಆಮೇಲೆ ಸ್ಕ್ಯಾನರ್. ಪಿ 0335 ಎಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನಲ್ಲಿ ದೋಷ. ಪಿ 0339 ಎಂದರೆ ಅದೇ ಸರ್ಕ್ಯೂಟ್ ಬಿಟ್ಟುಬಿಟ್ಟು ಕಡಿದುಹೋಗುತ್ತಿದೆ ಎಂದರ್ಥ. ಕೋಡಿನ ಜೊತೆಗೆ ದೋಷ ದಾಖಲಾದ ಕ್ಷಣದ ವೇಗ, ಆರ್‌ಪಿಎಂ, ಕೂಲೆಂಟಿನ ತಾಪವನ್ನೂ ಕಂಪ್ಯೂಟರ್ ಉಳಿಸಿಟ್ಟಿರಬಹುದು. ಆದರೆ ಮೊದಲು ನೋಡಿದವರು ಬ್ಯಾಟರಿ ಬಿಚ್ಚಿದ್ದರೆ ಹಲವು ಕಾರುಗಳಲ್ಲಿ ಈ ದಾಖಲೆ ಅಳಿಸಿಹೋಗಿರುತ್ತದೆ. ಕೋಡ್ ಸಿಕ್ಕರೂ ಅದು ಸರ್ಕ್ಯೂಟನ್ನು ತೋರಿಸುತ್ತದೆಯೇ ಹೊರತು ಇಂಥ ಭಾಗವನ್ನೇ ಬದಲಿಸಿ ಎನ್ನುವುದಿಲ್ಲ. ದೋಷ ಸೆನ್ಸರಿನಲ್ಲಿರಬಹುದು, ವೈರಿನಲ್ಲಿರಬಹುದು, ಕನೆಕ್ಟರಿನಲ್ಲಿರಬಹುದು.

ಆದ್ದರಿಂದ ದೋಷ ಬರುವ ಸ್ಥಿತಿಯನ್ನು ಗ್ಯಾರೇಜಿನಲ್ಲೇ ಸೃಷ್ಟಿಸುತ್ತಾರೆ. ಕಾಯಿಲ್ ಇರುವ ಬಗೆಯ ಸೆನ್ಸರ್ ಆದರೆ ತಣ್ಣಗಿರುವಾಗ ಅದರ ರೋಧ ಅಳೆದು, ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿಮಾಡಿ ಮತ್ತೆ ಅಳೆಯುತ್ತಾರೆ. ತಾಮ್ರದ ರೋಧ ಬಿಸಿಯಾದಾಗ ಹೆಚ್ಚುವುದು ಸಹಜ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 800 ಓಮ್ ಇದ್ದದ್ದು 95 ಡಿಗ್ರಿಯಲ್ಲಿ ಸುಮಾರು 1000 ಓಮ್ ಆದರೆ ಅದು ದೋಷವಲ್ಲ. ಮೀಟರ್ ಇದ್ದಕ್ಕಿದ್ದಂತೆ ಅನಂತ ತೋರಿಸಿದರೆ ಒಳಗೆ ತಂತಿ ಬಿಟ್ಟುಕೊಂಡಿದೆ ಎಂದರ್ಥ. ತಣ್ಣಗಾದಾಗ ಮತ್ತೆ ಕೂಡಿಕೊಂಡರೆ ಹೆಬ್ಬಾಳದ ಅರ್ಧ ಗಂಟೆಯ ಲೆಕ್ಕ ತಾಳೆಯಾಯಿತು. ಸೆನ್ಸರ್ ಸರಿಯಿದ್ದರೆ ಎಂಜಿನ್ ಓಡುತ್ತಿರುವಾಗ ವೈರನ್ನು ಒಂದೊಂದು ಕಡೆ ಅಲುಗಾಡಿಸಿ ನೋಡುತ್ತಾರೆ. ಒಮ್ಮೆಗೆ ಒಂದನ್ನೇ, ಎರಡನ್ನು ಒಟ್ಟಿಗೆ ಬದಲಿಸುವುದಿಲ್ಲ.

ಈಗ ತರಗತಿಗೆ ಬರೋಣ. ಯಲಹಂಕದ ಕಡೆಯ ನನ್ನ ಬೋಧನಾಭ್ಯಾಸದ ಶಾಲೆಯಲ್ಲಿ ಹತ್ತನೇ ತರಗತಿಗೆ ದರ್ಪಣ ಸೂತ್ರ ಬೋಧಿಸುತ್ತಿದ್ದೆ. ನಿಮ್ನ ದರ್ಪಣದ ಲೆಕ್ಕಗಳೆಲ್ಲವನ್ನೂ ಸರಿಯಾಗಿ ಮಾಡುತ್ತಿದ್ದ ಹುಡುಗಿಯೊಬ್ಬಳು ಕೆಲವೊಮ್ಮೆ ಮಾತ್ರ ತಪ್ಪುತ್ತಿದ್ದಳು. ‘ಅಜಾಗರೂಕತೆ’ ಎಂದು ಕೋಷ್ಟಕದಲ್ಲಿ ಬರೆದು ಮುಂದೆ ಹೋಗಬಹುದಿತ್ತು. ಅವಳ ತಪ್ಪುಗಳನ್ನೂ ಸರಿಯುತ್ತರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಬೇರೆಯೇ ವಿಷಯ ಕಂಡಿತು. ತಪ್ಪುಗಳೆಲ್ಲ ಪೀನ ದರ್ಪಣದವು.

ಲೆಕ್ಕ ಹೀಗಿದೆ. ವಸ್ತುದೂರ 30 ಸೆಂ.ಮೀ., ಸಂಗಮದೂರ 10 ಸೆಂ.ಮೀ. ಎಂದಿಟ್ಟುಕೊಳ್ಳಿ. ನಿಮ್ನ ದರ್ಪಣದಲ್ಲಿ ಎರಡೂ ಋಣ. ಚಿಹ್ನೆಗಳನ್ನು ಸರಿಯಾಗಿ ಹಾಕಿದರೆ ಪ್ರತಿಬಿಂಬದ ದೂರ ಋಣ 15. ಚಿಹ್ನೆಗಳನ್ನೇ ಮರೆತು 1/10ರಿಂದ 1/30 ಕಳೆದರೂ 15 ಬರುತ್ತದೆ. ‘ನಿಜ ಪ್ರತಿಬಿಂಬ’ ಎಂದು ನೆನಪಿಸಿಕೊಂಡು ಹಿಂದೆ ಒಂದು ಋಣ ಚಿಹ್ನೆ ಹಾಕಿದರೆ ಪೂರ್ಣ ಅಂಕ. ಪೀನ ದರ್ಪಣದಲ್ಲಿ ಸಂಗಮದೂರ ಧನ, ವಸ್ತುದೂರ ಋಣ. ಸರಿಯಾದ ಉತ್ತರ 7.5. ಚಿಹ್ನೆ ಮರೆತರೆ ಇಲ್ಲೂ 15 ಬರುತ್ತದೆ, ಅದು ತಪ್ಪು. ಹುಡುಗಿಯ ದೋಷ ಸದಾ ಇತ್ತು. ನಿಮ್ನ ದರ್ಪಣ ಅದನ್ನು ಮುಚ್ಚುತ್ತಿತ್ತು, ಪೀನ ದರ್ಪಣ ಹೊರಗೆ ತೋರಿಸುತ್ತಿತ್ತು. ನಿಮ್ನ ದರ್ಪಣದ ಹತ್ತು ಲೆಕ್ಕಗಳಿರುವ ನೈದಾನಿಕ ಪರೀಕ್ಷೆಯಲ್ಲಿ ಅವಳು ಹತ್ತಕ್ಕೆ ಹತ್ತು ಪಡೆಯಬಹುದಿತ್ತು.

ಇಂಥ ಮಗುವಿಗೆ ಇಡೀ ಘಟಕವನ್ನು ಮತ್ತೆ ಬೋಧಿಸುವುದು ಪ್ಲಗ್, ಕಾಯಿಲ್, ಪಂಪ್ ಎಲ್ಲವನ್ನೂ ಬದಲಿಸಿದಂತೆ. ಮರುಪರೀಕ್ಷೆಯಲ್ಲಿ ಮತ್ತೆ ನಿಮ್ನ ದರ್ಪಣದ ಲೆಕ್ಕವನ್ನೇ ಕೊಟ್ಟು ‘ಸುಧಾರಣೆ ಕಂಡುಬಂದಿದೆ’ ಎಂದು ಬರೆದರೆ ಅದು ಬೆಳಗಿನ ತಂಪಿನಲ್ಲಿ ಗಾಡಿ ಓಡಿಸಿ ನೋಡಿದಂತೆ. ನಮ್ಮ ಇನ್ನೊಂದು ಅಭ್ಯಾಸ ಇನ್ನೂ ಹಾನಿಕರ. “ತಪ್ಪಾಗಿದೆ, ಅಳಿಸಿ ಮತ್ತೆ ಮಾಡು” ಎನ್ನುತ್ತೇವೆ. ಮಗು ರಬ್ಬರಿನಿಂದ ಅಳಿಸುವುದು ತನ್ನ ಯೋಚನೆ ಯಾವ ಹಂತದಲ್ಲಿ ಜಾರಿತು ಎಂಬ ದಾಖಲೆಯನ್ನು. ಬ್ಯಾಟರಿ ಬಿಚ್ಚಿದ ಮೇಲೆ ಸ್ಕ್ಯಾನರಿನಲ್ಲಿ ಹುಡುಕಿದರೆ ಏನು ಸಿಕ್ಕೀತು?

ಮಗು ಯಂತ್ರವಲ್ಲ, ಗ್ಯಾರೇಜಿನ ಹೋಲಿಕೆ ಸಲ್ಲದು ಎಂದು ಕೆಲವರು ಹೇಳಬಹುದು. ಅದು ನಿಜ. ಸೆನ್ಸರಿಗೆ ನಾಚಿಕೆಯಿಲ್ಲ, ಮಗುವಿಗಿದೆ. ಪದೇಪದೇ ತಪ್ಪಿಸಿ ನೋಡುವುದು ಕ್ರೌರ್ಯವಾಗಬಹುದು. ಆದರೆ ಮಗುವಿಗೆ ಬಾಯಿಯೂ ಇದೆ. “ಇದನ್ನು ಹೇಗೆ ಮಾಡಿದೆ, ಹೇಳಮ್ಮ” ಎಂದು ಕೇಳಿದರೆ ಅವಳೇ ದಾರಿ ತೋರಿಸುತ್ತಾಳೆ. 50 ಮಕ್ಕಳ ತರಗತಿ, 40 ನಿಮಿಷದ ಅವಧಿ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ನಾನು ಕೇಳುತ್ತಿರುವುದು ಹೆಚ್ಚು ಪರೀಕ್ಷೆಗಳನ್ನಲ್ಲ, ಇರುವ ಒಂದನ್ನೇ ಬೇರೆ ರೀತಿ ಮಾಡುವುದನ್ನು.

ನನ್ನ ಸಲಹೆಗಳು ನಾಲ್ಕು. ಮೊದಲನೆಯದು, ನೈದಾನಿಕ ವರದಿಯ ಕೋಷ್ಟಕದಲ್ಲಿ ‘ತಪ್ಪು ಕಾಣಿಸಿದ ಸಂದರ್ಭ’ ಮತ್ತು ‘ಅದೇ ತಪ್ಪು ಕಾಣಿಸದ ಸಂದರ್ಭ’ ಎಂಬ ಎರಡು ಅಂಕಣ ಸೇರಿಸಬೇಕು. ಎರಡನೆಯದು, ಪ್ರಶ್ನೆಗಳನ್ನು ಜೋಡಿಯಾಗಿ ರಚಿಸಬೇಕು. ಜೋಡಿಯಲ್ಲಿ ಒಂದೇ ಒಂದು ಅಂಶ ಬದಲಾಗಿರಬೇಕು. ಮೂರನೆಯದು, ಮರುಪರೀಕ್ಷೆ ತಪ್ಪು ಕಾಣಿಸಿದ ಸಂದರ್ಭದಲ್ಲೇ ನಡೆಯಬೇಕು. ನಾಲ್ಕನೆಯದು, ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ದೋಷ ಹುಡುಕುವ ಒಂದು ಪಾಠ ಕಡ್ಡಾಯವಾಗಲಿ. ಸಡಿಲ ಸಂಪರ್ಕವಿರುವ ಒಂದು ಬಲ್ಬಿನ ಸರ್ಕ್ಯೂಟ್ ಸಾಕು. ಅಲುಗಾಡಿದಾಗ ಆರುವ, ಬಿಟ್ಟಾಗ ಉರಿಯುವ ಬಲ್ಬನ್ನು ಮಕ್ಕಳ ಕೈಗೆ ಕೊಟ್ಟು ಕಾರಣ ಕಂಡುಹಿಡಿಯಲು ಬಿಡೋಣ. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೇ ತರಗತಿಯ ನಡುವೆ ಚೀಲರಹಿತ ಹತ್ತು ದಿನಗಳನ್ನು ಸ್ಥಳೀಯ ಕುಶಲಕರ್ಮಿಗಳ ಜೊತೆ ಕಳೆಯಬೇಕೆನ್ನುತ್ತದೆ. ಬಡಗಿ, ಕುಂಬಾರರ ಜೊತೆಗೆ ನಮ್ಮ ಬಡಾವಣೆಯ ಮೆಕ್ಯಾನಿಕ್ಕನ್ನೂ ಆ ಪಟ್ಟಿಗೆ ಸೇರಿಸಬಹುದು.

ಮುಂದಿನ ಬೋಧನಾಭ್ಯಾಸಕ್ಕೆ ಮುನ್ನ ವರದಿಯ ನಮೂನೆ ಮತ್ತೆ ಅಚ್ಚಾಗುತ್ತದೆ. ಎರಡು ಅಂಕಣ ಸೇರಿಸಲು ಖರ್ಚೇನೂ ಇಲ್ಲ. ಅಧ್ಯಾಪಕರು ಈ ಬಗ್ಗೆ ಚರ್ಚಿಸಬೇಕೆಂದೂ ಸಹಪಾಠಿಗಳು ತಮ್ಮ ವಿಷಯಗಳಲ್ಲಿ ಕಂಡ ಇಂಥ ಜೋಡಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಳುಹಿಸಬೇಕೆಂದೂ ಕೋರುತ್ತೇನೆ.