ನೆಗಡಿ ಬಂತೆಂದು ಮೂಗು ಕೊಯ್ಯುವವರಿಗೆ



ಈ ಬಾರಿಯ ಬರಹ ಹಳೆಯ ನೆನಪುಗಳದ್ದಲ್ಲ, ಜಗಳದ್ದು. ಜಗಳವೂ ನಿಮ್ಮೊಡನೆಯೇ. ವಿಷಯ ಬಹಳ ಸಣ್ಣದೆಂದು ತೋರಬಹುದು: ಅಡುಗೆಮನೆಯ ಮಿಕ್ಸಿ. ಆದರೆ ನಿತ್ಯ ಬಳಸುವ ಸಣ್ಣ ವಸ್ತುಗಳೊಡನೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಲ್ಲಿಯೇ ನಾವು ಕಲಿತ ವಿದ್ಯೆಯ ಪರೀಕ್ಷೆ ಇದೆಯೆಂದು ನಂಬಿದವನು ನಾನು.

ಕೆಲವು ವರ್ಷಗಳಿಂದ ಯಾರ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. "ಮಿಕ್ಸಿ ಹೋಯ್ತು ಸಾರ್, ರಿಪೇರಿ ಮಾಡಿಸೋದು ದಂಡ, ಹೊಸದೇ ತಂದುಬಿಟ್ವಿ." ಹೋದದ್ದು ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಕಪ್ಲರ್ ಸವೆಯಿತೇ, ಬ್ರಷ್ ಮುಗಿಯಿತೇ, ಜಾರಿನ ಬುಷ್ ಹೋಯಿತೇ ಎಂದು ನೋಡಿದವರಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು! ಹೀಗೆ ಹೇಳುವವರಲ್ಲಿ ಎಂಜಿನಿಯರುಗಳೂ ಇದ್ದಾರೆ, ಉಪನ್ಯಾಸಕರೂ ಇದ್ದಾರೆ. ನನ್ನ ಬಳಿ ಹತ್ತನೆಯ ತರಗತಿಯಲ್ಲಿ ವಿದ್ಯುತ್ ಮೋಟಾರಿನ ಚಿತ್ರ ಬರೆದು, ಸುರುಳಿ, ಒಡಕು ಉಂಗುರ, ಬ್ರಷ್ ಎಂದು ಭಾಗಗಳನ್ನು ಗುರುತಿಸಿ ಅಂಕ ಪಡೆದವರೇ ಇವರೆಲ್ಲ. ಆ ಚಿತ್ರ ಉತ್ತರಪತ್ರಿಕೆಯಲ್ಲಿಯೇ ಉಳಿದುಹೋಯಿತೇ?

ಮಿಕ್ಸಿಯೊಳಗೆ ಇರುವುದು ಆ ಚಿತ್ರವೇ. ಪಾಠದ ಶಾಶ್ವತ ಕಾಂತದ ಬದಲು ಇಲ್ಲಿ ಮತ್ತೊಂದು ತಂತಿಯ ಸುರುಳಿ ಕಾಂತದ ಕೆಲಸ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ತಿರುಗುವ ಆರ್ಮೇಚರಿಗೆ ವಿದ್ಯುತ್ತನ್ನು ಮುಟ್ಟಿಸುವವು ಎರಡು ಪುಟ್ಟ ಕಾರ್ಬನ್ ತುಂಡುಗಳು. ಸ್ಪ್ರಿಂಗಿನ ಒತ್ತಡದಲ್ಲಿ ಸದಾ ಉಜ್ಜಿಕೊಂಡು ಅವು ಸವೆಯಲೇಬೇಕು. ಸವೆದಾಗ ಕಿಡಿ ಹೆಚ್ಚುತ್ತದೆ, ಮಿಕ್ಸಿ ತಡವರಿಸುತ್ತದೆ, ಕೊನೆಗೊಂದು ದಿನ ನಿಲ್ಲುತ್ತದೆ. ಬಳಪ ಸವೆಯಿತೆಂದು ಕರಿಹಲಗೆಯನ್ನು ಯಾರೂ ಬಿಸಾಡುವುದಿಲ್ಲವಲ್ಲ!

ಇನ್ನು ಕಪ್ಲರ್. ಮೋಟಾರಿನ ತಲೆಯ ಮೇಲೆ ಕುಳಿತು ಜಾರಿನ ಅಲಗನ್ನು ತಿರುಗಿಸುವ ಹಲ್ಲಿನ ಬಿಲ್ಲೆ ಅದು. ಅದನ್ನು ರಬ್ಬರಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿರುವುದು ಜಿಪುಣತನದಿಂದಲ್ಲ. ಅರಿಸಿನದ ಕೊಂಬು ಅಲಗಿಗೆ ಸಿಕ್ಕಿ ಹಾಕಿಕೊಂಡಾಗ ಯಾವುದಾದರೂ ಒಂದು ಸೋಲಲೇಬೇಕು. ದುಬಾರಿ ಮೋಟಾರು ಸುಡುವ ಬದಲು ಅಗ್ಗದ ಕಪ್ಲರಿನ ಹಲ್ಲು ಹಾರಲಿ ಎಂಬುದು ಅದನ್ನು ರೂಪಿಸಿದವರ ವಿವೇಕ. ಯಜಮಾನನನ್ನು ಉಳಿಸಲು ಪ್ರಾಣ ಕೊಟ್ಟ ಆಳಿನಂತೆ ಅದು ತನ್ನ ಕೆಲಸ ಮುಗಿಸಿರುತ್ತದೆ. ಸಾಮಾನ್ಯವಾಗಿ ನೂರು ರೂಪಾಯಿಯೊಳಗೆ ಸಿಗುವ ಆ ಬಿಲ್ಲೆಗಾಗಿ ಮೂರು ನಾಲ್ಕು ಸಾವಿರದ ಯಂತ್ರವನ್ನು ಗುಜರಿಗೆ ಹಾಕುವುದನ್ನು ಏನೆಂದು ಕರೆಯಬೇಕು, ನೀವೇ ಹೇಳಿ.

ನಮ್ಮ ದೇಶದ ಮಿಕ್ಸಿಯ ಚರಿತ್ರೆಯನ್ನೂ ಇಲ್ಲಿ ನೆನೆಯಬೇಕು. 1960ರ ದಶಕದಲ್ಲಿ ಮುಂಬಯಿಯಲ್ಲಿ ಸೀಮೆನ್ಸ್ ಸಂಸ್ಥೆಯ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸಿಯೊಂದಿತ್ತು. ನಮ್ಮವರ ರುಬ್ಬುವಿಕೆಯ ಭಾರ ತಾಳಲಾರದೆ ಅದು ಕೆಟ್ಟಿತು. ಇಲ್ಲಿ ಅದನ್ನು ದುರಸ್ತಿ ಮಾಡಿಸುವ ಅನುಕೂಲವಿರಲಿಲ್ಲ. ಪತ್ನಿ ಮಾಧುರಿಯವರ ಈ ತೊಂದರೆಯೇ ನೆಪವಾಗಿ ಮಾಥುರರು ನಮ್ಮ ಅಡುಗೆಗೆ ತಕ್ಕ ಬಲವಾದ ಮೋಟಾರಿನ ಯಂತ್ರವನ್ನು ರೂಪಿಸಹೊರಟರು. ಅದೇ ಮುಂದೆ ಮನೆಮಾತಾದ 'ಸುಮೀತ್'. ಹಣ್ಣಿನ ರಸಕ್ಕೆ, ಹಾಲಿನ ಪಾನೀಯಕ್ಕೆ ಮಾಡಿದ ಯಂತ್ರಕ್ಕೂ, ನೆನೆದ ಉದ್ದು, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಸಾರಿನ ಪುಡಿಗಳನ್ನು ಅರೆಯಬೇಕಾದ ಯಂತ್ರಕ್ಕೂ ಅಜಗಜಾಂತರ. ಅಂದರೆ, ದುರಸ್ತಿಯಾಗದ ಒಂದು ಯಂತ್ರದ ಸಂಕಟದಿಂದಲೇ ನಮ್ಮ ಮಿಕ್ಸಿ ಹುಟ್ಟಿತು. ಅಂಥ ಮಿಕ್ಸಿಯನ್ನು ಇಂದು ನಾವೇ ದುರಸ್ತಿಗೆ ಯೋಗ್ಯವಲ್ಲವೆಂದು ಎಸೆಯುತ್ತಿದ್ದೇವೆ!

ನಮ್ಮ ಮನೆಯ ಮಿಕ್ಸಿಯನ್ನು ಕೊಂಡದ್ದು 1994ರಲ್ಲಿ. ಕಪ್ಲರ್ ಎಷ್ಟು ಸಲ ಬದಲಾಯಿತೋ ಲೆಕ್ಕವಿಟ್ಟಿಲ್ಲ. ಬ್ರಷ್ ಎರಡು ಬಾರಿ, ಸ್ವಿಚ್ ಒಂದು ಬಾರಿ ಬದಲಾಗಿವೆ. ಮೋಟಾರು ಮಾತ್ರ ಅದೇ. ಇದರಲ್ಲಿ ಪವಾಡವೇನೂ ಇಲ್ಲ, ನನ್ನ ಶ್ರೀಮತಿಯ ಶಿಸ್ತಿದೆ. ಜಾರು ಸರಿಯಾಗಿ ಕುಳಿತ ಮೇಲೆಯೇ ಸ್ವಿಚ್ ಹಾಕುವುದು, ಅಲಗು ಪೂರ್ತಿ ನಿಂತ ಮೇಲೆಯೇ ಜಾರು ತೆಗೆಯುವುದು. ಈ ಎರಡನ್ನು ಪಾಲಿಸಿದರೆ ಕಪ್ಲರಿನ ಆಯುಸ್ಸು ಹೆಚ್ಚುತ್ತದೆ. ಜಾರನ್ನು ಕಂಠಮಟ್ಟ ತುಂಬಬಾರದು. ಬಿಸಿ ಪದಾರ್ಥ ಹಾಕಿದರೆ ಹಬೆಯ ಒತ್ತಡಕ್ಕೆ ಮುಚ್ಚಳ ಹಾರೀತು, ಆರಿಸಿಯೇ ಹಾಕಬೇಕು. ಕೆಲವು ನಿಮಿಷ ಓಡಿಸಿದ ಮೇಲೆ ಒಂದೆರಡು ನಿಮಿಷ ಬಿಡುವು ಕೊಡಬೇಕು, ಏಕೆಂದರೆ ಇದು ಎಡೆಬಿಡದೆ ಓಡಲು ಮಾಡಿದ ಮೋಟಾರಲ್ಲ. ಇದನ್ನು ಪೆಟ್ಟಿಗೆಯೊಳಗಿನ ಕೈಪಿಡಿಯೂ ಹೇಳುತ್ತದೆ. ಆದರೆ ಅದನ್ನು ಓದದೆ ಎಸೆಯುವುದೇ ನಮ್ಮ ಮೊದಲ ಕೆಲಸ. ಯಂತ್ರದ ತಳದಲ್ಲಿ ಗಾಳಿಯಾಡುವ ಕಿಂಡಿಗಳಿರುತ್ತವೆ, ಆದ್ದರಿಂದ ಬಟ್ಟೆಯ ಮೇಲಿಟ್ಟು ಓಡಿಸಬಾರದು. ಜಾರಿನ ತಳದಲ್ಲಿ ಕಪ್ಪು ಜಿಡ್ಡು ಇಲ್ಲವೆ ನೀರು ಜಿನುಗುವುದು ಕಂಡರೆ ಬುಷ್ ಸವೆದಿದೆಯೆಂದು ಅರ್ಥ. ಆಗಲೇ ಕೊಟ್ಟರೆ ಖರ್ಚು ಅಲ್ಪ. ನಿರ್ಲಕ್ಷಿಸಿದರೆ ಆ ನೀರು ಮೋಟಾರಿಗೆ ಇಳಿಯುತ್ತದೆ, ಆಗ ಖರ್ಚು ದೊಡ್ಡದು.

ಇದ್ದಕ್ಕಿದ್ದಂತೆ ನಿಂತ ಮಿಕ್ಸಿ ಸತ್ತಿರಬೇಕೆಂದಿಲ್ಲ. ಅನೇಕ ಮಿಕ್ಸಿಗಳ ತಳದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಬಹುಮಟ್ಟಿಗೆ ಕೆಂಪು ಬಣ್ಣದ್ದು. ಭಾರ ಮಿತಿಮೀರಿದಾಗ ತಾನೇ ಸಂಪರ್ಕ ಕಡಿದು ಮೋಟಾರನ್ನು ಕಾಯುವ ಕಾವಲುಗಾರ ಅದು. ಪ್ಲಗ್ಗು ಕಿತ್ತು, ಭಾರ ಇಳಿಸಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಆ ಗುಂಡಿಯನ್ನು ಒತ್ತಿದರೆ ಸಾಕು. ಆ ಗುಂಡಿ ಇದೆಯೆಂದೇ ಅರಿಯದೆ ಹೊಸ ಮಿಕ್ಸಿ ಕೊಂಡವರನ್ನು ನಾನು ಬಲ್ಲೆ.

"ಸಾರ್, ರಿಪೇರಿಗೆ ಅಲೆಯಲು ಸಮಯವೆಲ್ಲಿ?" ಎನ್ನುವಿರಿ. ಹೊಸದನ್ನು ಆರಿಸಲು ಮೂರು ಸಂಜೆ ಮೊಬೈಲಿನಲ್ಲಿ ಬೆಲೆ ಹೋಲಿಸುತ್ತೀರಲ್ಲ, ಆ ಸಮಯ ಎಲ್ಲಿಂದ ಬಂತು? "ಹಳೆಯದಕ್ಕೆ ವಿನಿಮಯ ಬೆಲೆ ಕೊಡುತ್ತಾರೆ" ಎನ್ನುವಿರಿ. ಕೊಡುವವರು ಧರ್ಮಕ್ಕೆ ಕೊಡುವುದಿಲ್ಲ. ನಿಮ್ಮ ಕಿಸೆಯಿಂದ ದೊಡ್ಡ ನೋಟು ಹೊರಬರಲೆಂದು ಚಿಲ್ಲರೆಯ ಆಸೆ ತೋರಿಸುತ್ತಾರೆ.

ಹಾಗೆಂದು ತಪ್ಪೆಲ್ಲ ಕೊಳ್ಳುವವರದೇ ಎಂದು ನಾನು ಹೇಳುವುದಿಲ್ಲ. 2019ರಲ್ಲಿ ಮಗಳ ಮನೆಯ ಮಿಕ್ಸಿಯನ್ನು ಅದರ ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ದಿದ್ದೆ. ಕೊಂಡು ಐದು ವರ್ಷವೂ ಆಗಿರಲಿಲ್ಲ. ಬಿಚ್ಚಿಯೂ ನೋಡದೆ, "ಈ ಮಾಡೆಲ್‌ಗೆ ಬಿಡಿಭಾಗ ಬರುವುದಿಲ್ಲ, ಹೊಸದಕ್ಕೆ ರಿಯಾಯಿತಿ ಕೊಡುತ್ತೇವೆ" ಎಂದರು. ಬಸ್ ನಿಲ್ದಾಣದ ಪಕ್ಕದ ಪುಟ್ಟ ಅಂಗಡಿಯವನು ಅದನ್ನೇ ಬಿಚ್ಚಿ, ಬ್ರಷ್ ಬದಲಿಸಿ, ಅರ್ಧ ಗಂಟೆಯಲ್ಲಿ ಕೈಗಿತ್ತ. ಯಾರನ್ನು ನಿಪುಣನೆನ್ನಬೇಕು? ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಇಲ್ಲವೆಂದವನನ್ನೋ, ಮೊಳದುದ್ದದ ಜಾಗದಲ್ಲಿ ಕೂತು ಆಗುತ್ತದೆಂದವನನ್ನೋ? ನಾವು ಒಂದೊಂದು ಮಿಕ್ಸಿ ಎಸೆದಾಗಲೂ ಅಂಥವನ ಒಂದು ಹೊತ್ತಿನ ಊಟ ಕಿತ್ತುಕೊಳ್ಳುತ್ತೇವೆ. ಅವನು ಅಂಗಡಿ ಮುಚ್ಚಿದ ಮೇಲೆ, ರಿಪೇರಿ ಮಾಡುವವರೇ ಸಿಗುವುದಿಲ್ಲವೆಂದು ಗೊಣಗುವವರೂ ನಾವೇ.

ಸರ್ಕಾರಕ್ಕೂ ಇದು ತಡವಾಗಿಯಾದರೂ ಹೊಳೆದಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕಾಗಿ ಜಾಲತಾಣವೊಂದನ್ನೂ ತೆರೆಯಿತು. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದಿವೆ. ಸಂತೋಷ. ಆದರೆ ಕಾನೂನು ನಮ್ಮ ಅಡುಗೆಮನೆಗೆ ಬಂದು ವಾಷರ್ ಬದಲಿಸದು. ಎಸೆದದ್ದನ್ನು ಕರಗಿಸಿ ತಾಮ್ರ ತೆಗೆಯುವುದಕ್ಕಿಂತ ಎಸೆಯದೆ ಇರುವುದೇ ದೊಡ್ಡ ಕೆಲಸ. ಶಾಕ್ ಹೊಡೆಯುವ, ಮೈ ಬಿರಿದ, ಆರ್ಮೇಚರ್ ಪೂರ್ತಿ ಸುಟ್ಟ ಯಂತ್ರವನ್ನು ಇಟ್ಟುಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ತಪಾಸಣೆಯಿಲ್ಲದೆ ಮರಣದಂಡನೆ ಕೊಡಬೇಡಿ ಎನ್ನುವುದಷ್ಟೇ ನನ್ನ ವಾದ.

ಇನ್ನು ಎದುರು ದಿಕ್ಕಿನವರಿಗೂ ಒಂದು ಮಾತು. "ಒರಳುಕಲ್ಲಿನ ಚಟ್ನಿಯ ರುಚಿ ಮಿಕ್ಸಿಗೆಲ್ಲಿ?" ಎಂದು ನಿಟ್ಟುಸಿರು ಬಿಡುವ ನನ್ನ ವಯಸ್ಸಿನ ಮಹನೀಯರೇ, ಆ ಒರಳಿನ ಮುಂದೆ ನೀವು ಎಷ್ಟು ದಿನ ಕುಳಿತಿದ್ದಿರಿ? ರುಬ್ಬಿದವರು ನಮ್ಮ ತಾಯಂದಿರು. ರುಚಿ ನೋಡಿದವರು ನಾವು. ನನ್ನ ತಾಯಿಯ ಬಲಗೈಯ ದಡ್ಡು ಕೊನೆಯವರೆಗೂ ಹೋಗಲಿಲ್ಲ. ಹೆಂಗಸರ ರಟ್ಟೆಯಿಂದ ಕಲ್ಲಿನ ಭಾರ ಇಳಿಸಿದ ಯಂತ್ರವನ್ನು ಹೀಗಳೆಯುವುದೂ, ಕಾಲ ಕಸವಾಗಿ ಕಾಣುವುದೂ ಒಂದೇ ಬಗೆಯ ಕೃತಘ್ನತೆ. ಭಾನುವಾರ ಸ್ಕೂಟರನ್ನು ಒರೆಸಿ ಹೊಳೆಯಿಸುವ ಗಂಡಸರು ಮಿಕ್ಸಿಯ ತಳವನ್ನು ಒಮ್ಮೆಯಾದರೂ ತಿರುಗಿಸಿ ನೋಡಿದ್ದೀರಾ? ಅದು ಹೆಂಗಸರ ವಸ್ತುವೆಂಬ ತಾತ್ಸಾರವೇ ಅದರ ಅಕಾಲಮರಣದ ದೊಡ್ಡ ಕಾರಣವೆಂದು ನನ್ನ ಬಲವಾದ ಗುಮಾನಿ.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟೇ. ಕೊಳ್ಳುವಾಗ ಬಣ್ಣ, ವ್ಯಾಟ್‌ಗಳ ಜೊತೆಗೆ ಇದರ ಕಪ್ಲರ್, ಬ್ರಷ್, ಜಾರಿನ ಅಲಗು ಬಿಡಿಯಾಗಿ ಎಲ್ಲಿ ಸಿಗುತ್ತವೆ, ಎಷ್ಟು ವರ್ಷ ಸಿಗುತ್ತವೆ ಎಂದು ಕೇಳಿ. ಉತ್ತರ ಬಾರದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಕೆಟ್ಟಾಗ ಮೊದಲು ಏನು ಕೆಟ್ಟಿದೆ ಎಂದು ತಿಳಿಯಿರಿ. ರಿಪೇರಿಗೆ ಕೊಡುವಾಗ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಬಿಚ್ಚಿದ ಮೋಟಾರನ್ನು ಅವರು ಕಣ್ಣಾರೆ ನೋಡಲಿ. ನಾನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದಕ್ಕಿಂತ ಹೆಚ್ಚಿನದನ್ನು ಆ ಅಂಗಡಿಯ ಮುಂದೆ ಅವರು ಹತ್ತು ನಿಮಿಷದಲ್ಲಿ ಕಲಿಯುತ್ತಾರೆ.

ಒಪ್ಪದವರು ಬರೆಯಿರಿ, ವಾದಿಸೋಣ. ಆದರೆ ಬರೆಯುವ ಮೊದಲು ನಿಮ್ಮ ಮನೆಯ ಅಟ್ಟದ ಮೇಲೆ "ಹೋಗಿರುವ" ಮಿಕ್ಸಿ ಇದ್ದರೆ ಇಳಿಸಿ, ಅದರ ತಳದ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ.