ನಮ್ಮ ನೆಲ, ಅವರ ಸೂರು

ಸಬ್‌ವೂಫರ್ ಕೊಂಡವರ ಮೊದಲ ಆಸೆ ಅದು ಕೇಳಿಸಬೇಕು ಎಂಬುದು. ಅಷ್ಟು ದುಡ್ಡು ಕೊಟ್ಟ ಮೇಲೆ ಅದೊಂದು ಮನೆಯಲ್ಲಿದೆ ಅಂತ ಗೊತ್ತಾಗಬೇಡವೇ? ನಾನು ಹೇಳುವುದು ಇದಕ್ಕೆ ತದ್ವಿರುದ್ಧ. ಕಣ್ಣು ಮುಚ್ಚಿ ಕೂತವರಿಗೆ ಪೆಟ್ಟಿಗೆ ಯಾವ ಮೂಲೆಯಲ್ಲಿದೆ ಎಂದು ಬೆರಳು ತೋರಿಸಲಾಗದಿದ್ದರೆ ಅದನ್ನು ಸರಿಯಾಗಿ ಹೊಂದಿಸಿದ್ದೀರಿ. ಅಹಮದಾಬಾದ್, ವಡೋದರಾ, ಸೂರತ್‌ನ ಫ್ಲ್ಯಾಟುಗಳಲ್ಲಿ, ಬೆಂಗಳೂರಿನಲ್ಲೂ ಅಷ್ಟೇ, ಇದು ಬರೀ ರುಚಿಯ ಮಾತಲ್ಲ.

ನಾನು ವಡೋದರಾದ ಬಾಡಿಗೆ ಮನೆಯೊಂದರಲ್ಲಿ ಕೂತು ಅನುವಾದ ಮಾಡಿ ಬದುಕುವವಳು. ಇಂಥ ಯಂತ್ರಗಳ ಕೈಪಿಡಿಗಳೂ ಕೈಗೆ ಬರುತ್ತವೆ. ಬೇಸ್ ಎಂಬುದಕ್ಕೆ ‘ಮಂದ್ರ’ ಅಂತ ಬರೆದರೆ ಅದು ತಿದ್ದಿಸಿಕೊಂಡು ಮತ್ತೆ ‘ಬೇಸ್’ ಆಗಿ ಅಚ್ಚಾಗುತ್ತದೆ; ಇರಲಿ. ಅಂಗಡಿಯವರು ಮಾರುವುದು ಎರಡನ್ನೂ ಅಲ್ಲ, ‘ಧಮಕ್’ ಅನ್ನು. ಮಂದ್ರ ಕೇಳುವ ಸ್ವರ, ಧಮಕ್ ಹೊಟ್ಟೆಗೆ ಬೀಳುವ ಗುದ್ದು.

ಗುದ್ದು ಹುಟ್ಟುವುದು ಪೆಟ್ಟಿಗೆಯಿಂದ ಮಾತ್ರವಲ್ಲ, ಕೋಣೆಯಿಂದಲೂ. 40 ಹರ್ಟ್ಜ್ ಸ್ವರದ ಅಲೆಯ ಉದ್ದ ಸುಮಾರು 8.5 ಮೀಟರ್. ಅದರ ಅರ್ಧ ಅಂದರೆ 14 ಅಡಿ, ನಮ್ಮಂಥವರ ಹಾಲಿನ ಉದ್ದ. ಇಂಥ ಹಾಲಿನಲ್ಲಿ ಆ ಒಂದು ಸ್ವರ ಗೋಡೆಯಿಂದ ಗೋಡೆಗೆ ಮರಳಿ ಮರಳಿ ಊದಿಕೊಳ್ಳುತ್ತದೆ. ಗೋಡೆಯ ಬಳಿ ಗುಂಯ್‌ಗುಡುತ್ತದೆ, ನಟ್ಟನಡುವೆ ಮಾಯವಾಗುತ್ತದೆ. ನಡುವೆ ಸೋಫಾ ಹಾಕಿಕೊಂಡವರು ‘ಬೇಸ್ ಸಾಲದು’ ಎಂದು ಲೆವೆಲ್ ನಾಬ್ ತಿರುಗಿಸುತ್ತಾರೆ. ಹೆಚ್ಚಿದ ಬೇಸ್ ಸೋಫಾಕ್ಕೆ ಬರುವುದಿಲ್ಲ, ಗೋಡೆಗೂ ಕೆಳಮನೆಯ ಸೂರಿಗೂ ಹೋಗುತ್ತದೆ.

ಆದ್ದರಿಂದ ನಾಬ್ ಮುಟ್ಟುವ ಮೊದಲು ಜಾಗ ಹುಡುಕಬೇಕು. ಹಳೆಯ ಉಪಾಯವೊಂದಿದೆ. ನೀವು ಕೂರುವ ಜಾಗದಲ್ಲಿ ಸಬ್‌ವೂಫರನ್ನೇ ಇಟ್ಟು, ಬೇಸ್ ಗಿಟಾರ್ ಏರಿಳಿಯುವ ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಡಿ. ಎಲ್ಲಿ ಒಂದು ಸ್ವರವೂ ಉಬ್ಬದೆ, ಒಂದೂ ಮುಳುಗದೆ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಿ. ನೆಂಟರು ಬಂದ ದಿನ ಬೇಡ.

ಕ್ರಾಸ್‌ಓವರ್ ಮಾಮೂಲಾಗಿ 80 ಹರ್ಟ್ಜ್. ಅದನ್ನು ರಿಸೀವರಿನಲ್ಲೇ ಹೊಂದಿಸಿದ್ದರೆ ಪೆಟ್ಟಿಗೆಯ ಹಿಂದಿನ ಕ್ರಾಸ್‌ಓವರ್ ನಾಬನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಎರಡು ಕಡೆ ಸೋಸುವುದು ಬೇಡ. ಗಂಡಸರ ಹಾಡುದನಿಯೂ 80ಕ್ಕಿಂತ ಕೆಳಗಿಳಿಯುವುದು ಅಪರೂಪ. ಗಾಯಕ ಪೆಟ್ಟಿಗೆಯೊಳಗಿಂದ ಹಾಡಿದಂತೆ ಕೇಳಿದರೆ ಕ್ರಾಸ್‌ಓವರ್ ಇಳಿಸಬೇಕು. ಫೇಸ್ ಸ್ವಿಚ್ಚನ್ನು 0ಯಲ್ಲೊಮ್ಮೆ, 180ರಲ್ಲೊಮ್ಮೆ ಇಟ್ಟು ಕೇಳಿ, ತುಂಬಿ ಬಂದ ಕಡೆ ಬಿಡಿ.

ಎಲ್ಲ ಸಂಗೀತಕ್ಕೂ ಇದು ಬೇಕಿಲ್ಲ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು 1890ರ ದಶಕದಲ್ಲಿ ಇದೇ ಬರೋಡಾದ ಆಸ್ಥಾನದಲ್ಲಿದ್ದವರು. ಅವರ ಹಳೆಯ ತಟ್ಟೆಗಳನ್ನು ಕೇಳುವಾಗ ನಾನು ಸಬ್‌ವೂಫರ್ ಆರಿಸಿಬಿಡುತ್ತೇನೆ. ಆ ತಟ್ಟೆಗಳ ತಳದಲ್ಲಿ ಸಂಗೀತಕ್ಕಿಂತ ತಟ್ಟೆ ತಿರುಗುವ ಗೊರಗೊರವೇ ಹೆಚ್ಚು.

ಇನ್ನು ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಅಳತೆ ‘ಎ’ ಮಾಪಕದಲ್ಲಿ. ಈ ಮಾಪಕ ತಗ್ಗಿನ ಸ್ವರಗಳನ್ನು ಕಡಿತ ಮಾಡಿ ಎಣಿಸುತ್ತದೆ. 50 ಹರ್ಟ್ಜ್‌ನಲ್ಲಿ ಕಡಿತ ಸುಮಾರು 30 ಡೆಸಿಬೆಲ್. ನನ್ನ ಮೇಲ್ಮನೆಯಲ್ಲಿ ಸಿನಿಮಾ ಶುರುವಾದರೆ ಒಂದು ಮಾತೂ ಕೇಳುತ್ತಿರಲಿಲ್ಲ, ಸ್ಫೋಟಗಳು ಮಾತ್ರ ಇಳಿದು ಬರುತ್ತಿದ್ದವು. ಸ್ಟೀಲ್ ಲೋಟ ಕಪಾಟಿನಲ್ಲಿ ಕಿಣಿಗುಟ್ಟುವಾಗ ಫೋನಿನ ಆ್ಯಪ್ 38 ತೋರಿಸಿತು. ಆ ಸಂಖ್ಯೆ ಹಿಡಿದು ಯಾರ ಬಳಿ ದೂರು ಕೊಡುವುದು?

ದೂರು ಕೊಡುವ ಬದಲು ಮೇಲೆ ಹೋದೆ. ಸೋಫಾ ಹಾಲಿನ ನಡುವೆ, ಸಬ್‌ವೂಫರ್ ಮೂಲೆಯಲ್ಲಿ, ಲೆವೆಲ್ ಮುಕ್ಕಾಲು. ಸೋಫಾ ಹಿಂದಕ್ಕೆ ಸರಿಸಿ, ಪೆಟ್ಟಿಗೆಯನ್ನು ಮೂಲೆಯಿಂದ ಈಚೆ ತಂದು, ಲೆವೆಲ್ ಅರ್ಧಕ್ಕೂ ಕೆಳಗಿಳಿಸಿದೆವು. ‘ಹವೆ ವಧಾರೆ ಸಂಭಳಾಯ್ ಛೆ,’ ಈಗ ಜಾಸ್ತಿ ಕೇಳಿಸ್ತದೆ ಅಂದರು ಆ ಭಾಯ್.

ನವರಾತ್ರಿಯಲ್ಲಿ ಊರೇ ಅದುರುವಾಗ ಒಂದು ಪೆಟ್ಟಿಗೆ ಯಾವ ಲೆಕ್ಕ ಎನ್ನುವವರಿದ್ದಾರೆ. ಗರಬಾ ಯಾವತ್ತು ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತು, ಕುಣಿಯುವವರಲ್ಲಿ ನಾವೂ ಇರುತ್ತೇವೆ. ಹಬ್ಬಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಲು ಅದೇ ನಿಯಮಗಳಲ್ಲಿ ಅವಕಾಶವಿದೆ. ಉಳಿದ 350 ದಿನಗಳ ಮಾತು ನಾನಾಡುತ್ತಿರುವುದು.

ಪೆಟ್ಟಿಗೆಯಡಿ ರಬ್ಬರ್ ಹಾಕಿದರೆ ಸಾಕು ಅನ್ನುವುದೂ ಅರ್ಧ ನಿಜ. ಅಹಮದಾಬಾದಿನ ಪೋಳ್‌ಗಳ ಮರದ ಅಟ್ಟದ ಹಳೆಮನೆಗಳಲ್ಲಿ ಅದರಿಂದ ಉಪಯೋಗವಿದೆ. ಕಾಂಕ್ರೀಟ್ ಸ್ಲ್ಯಾಬನ್ನು ಹೆಚ್ಚಾಗಿ ಅಲುಗಿಸುವುದು ಕೋಣೆಯ ಗಾಳಿಯ ಒತ್ತಡ, ಪೆಟ್ಟಿಗೆಯ ಕಾಲಲ್ಲ.

ಲೆವೆಲ್ ಹೊಂದಿಸುವ ಸಂಜೆ ಮನೆಯವರೊಬ್ಬರು ಕೆಳಮನೆಗೆ ಹೋಗಲಿ. ಕೇಳಿಕೊಂಡು, ಅವರು ಮಲಗುವ ಕೋಣೆಯಲ್ಲಿ ನಿಂತು ಫೋನ್ ಮಾಡಲಿ. ನೀವು ಗದ್ದಲದ ದೃಶ್ಯ ಹಾಕಿ ನಾಬನ್ನು ನಿಧಾನಕ್ಕೆ ಇಳಿಸುತ್ತ ಬನ್ನಿ. ‘ಈಗ ಇಲ್ಲ’ ಅಂದಾಗ ನಿಲ್ಲಿಸಿ, ನಾಬಿನ ಪಕ್ಕ ಪೆನ್ನಿನಲ್ಲಿ ಒಂದು ಗೆರೆ ಹಾಕಿ.